ಆ ಹೆಣ್ಣುಮಗಳ ಕಥೆ ಸುವಾರ್ತೆಯಲ್ಲಿ ಮೊದಲು ಇರಲಿಲ್ಲವೇ?

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. 12 ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ದೀಪಾವಳಿ ರಜೆಗೆ ಬಂದಾಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಿಗೆ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಹೆಸರುಗಳನ್ನು ಆಮೇಲೆ ಅಂಟಿಸಿದ್ದಂತೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಣ್ಣುಮಗಳ ಕಥೆ ಹಳೆಯ ಪ್ರತಿಗಳಲ್ಲಿ ಇಲ್ಲವಂತೆ. ಮಾರ್ಕನ ಕೊನೆಯ 12 ವಚನ ಬೇರೆ ಯಾರೋ ಬರೆದದ್ದಂತೆ. ರೋಮಿನ ಚಕ್ರವರ್ತಿಯೊಬ್ಬ ನಾಲ್ಕು ಪುಸ್ತಕ ಆರಿಸಿ ಉಳಿದವನ್ನು ಸುಡಿಸಿದನಂತೆ. ಯೇಸು ಹರೆಯದಲ್ಲಿ ಲಡಾಖಿಗೆ ಬಂದಿದ್ದನಂತೆ. “ಅವ್ವಾ, ನೀ ಹುಡುಗರಿಗೆ ಕಲಿಸೂದು ಅರ್ಧ ಸುಳ್ಳಂತ” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಅತ್ತೆಗೆ 81 ವರ್ಷ, ಕಣ್ಣು ಕಾಣುವುದಿಲ್ಲ. ದಿನಾ ರಾತ್ರಿ ಅವರಿಗೆ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳುತ್ತೇನೆ. ಮೊನ್ನೆ ಯೋಹಾನ 8ನೆಯ ಅಧ್ಯಾಯ ಬಂತು. ಕೈ ತಾನಾಗಿ ಆ ಪುಟ ಮಗುಚಿತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾಕವಾ, ಇವತ್ತ ಆ ಹೆಣ್ಣಮಗಳ ಕಥಿ ಬರಲಿಲ್ಲಲಾ?” ಎಂದು ಕೇಳಿದರು. ಏನು ಹೇಳಲಿ? ಸಂಡೇ ಸ್ಕೂಲ್ ಬಿಟ್ಟುಬಿಡಲೇ?

ಉತ್ತರ: ಅಕ್ಕೋರೆ, ನಿಮ್ಮ ಶಾಲೆಯ ಮಕ್ಕಳು ಕರೆಯುವ ಹಾಗೆಯೇ ಕರೆಯುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಿಡಿಯೋಗಿಂತ ಜಾಸ್ತಿ ಆ ಮಗುಚಿದ ಪುಟವೇ ನಿಮ್ಮನ್ನು ಕಾಡುತ್ತಿದೆ ಅಂತ ಎರಡನೆಯ ಸಲ ಓದಿದಾಗ ತಿಳಿಯಿತು. ಅತ್ತೆಯವರ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ ಬೇರೆ ಮಾತು ಸ್ವಲ್ಪ ಇದೆ.

ನಾನು ಧಾರವಾಡದಲ್ಲಿ ಬಹಳ ವರ್ಷ ಹೊಸ ಒಡಂಬಡಿಕೆಯನ್ನೂ ಅದರ ಗ್ರೀಕ್ ಭಾಷೆಯನ್ನೂ ಕಲಿಸಿದವನು. ನಿಮ್ಮ ಮಗ ಕೇಳಿದ ಪ್ರಶ್ನೆ ಹೊಸದೇನಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸೇರಿದ ಹುಡುಗರು ಆಗಸ್ಟ್ ಹೊತ್ತಿಗೆ ಇದನ್ನೇ ಕೇಳುತ್ತಿದ್ದರು. ಕೆಲವರ ಮುಖ ಬಾಡಿರುತ್ತಿತ್ತು, ಕೆಲವರು ಮನೆಗೆ ಹೋಗುತ್ತೇವೆ ಎನ್ನುತ್ತಿದ್ದರು.

ಮಗ ಹೇಳಿದ ಐದು ಮಾತಿನಲ್ಲಿ ಎರಡು ಸರಿ, ಒಂದು ಅರ್ಧ ಸರಿ, ಎರಡು ಪೂರ್ತಿ ತಪ್ಪು. ಸರಿ ಇರುವ ಎರಡೂ ಗುಟ್ಟೇನಲ್ಲ. ಸತ್ಯವೇದದ ಹಲವು ಮುದ್ರಣಗಳಲ್ಲಿ ಆ ಭಾಗಗಳನ್ನು ಕಂಸದೊಳಗೆ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ “ಇದು ಕೆಲವು ಪುರಾತನ ಪ್ರತಿಗಳಲ್ಲಿ ಇಲ್ಲ” ಎಂಬ ಅರ್ಥದ ಟಿಪ್ಪಣಿ ಕೊಟ್ಟಿರುತ್ತಾರೆ. ನಿಮ್ಮ ಮನೆಯ ಪ್ರತಿಯನ್ನು ಒಮ್ಮೆ ತೆಗೆದು ನೋಡಿ. ಮುದ್ರಿಸಿದವರು ಮುಚ್ಚಿಟ್ಟಿಲ್ಲ, ನಾವು ಆ ಸಣ್ಣ ಅಕ್ಷರ ಓದುವುದಿಲ್ಲ ಅಷ್ಟೇ.

ತಪ್ಪು ಇರುವ ಎರಡನ್ನು ಬೇಗ ಮುಗಿಸುತ್ತೇನೆ. ಲಡಾಖಿನ ಕಥೆ ಶುರುವಾದದ್ದು 1894ರಲ್ಲಿ. ನೊಟೊವಿಚ್ ಎಂಬ ರಷ್ಯನ್ ಬರಹಗಾರ ತನಗೆ ಹೆಮಿಸ್ ಮಠದಲ್ಲಿ ಯೇಸುವಿನ ಚರಿತ್ರೆ ಸಿಕ್ಕಿತು ಎಂದು ಪುಸ್ತಕ ಬರೆದ. ಮರುವರ್ಷವೇ ಆಗ್ರಾದ ಕಾಲೇಜೊಂದರ ಅಧ್ಯಾಪಕ ಡಗ್ಲಸ್ ಅದೇ ಮಠಕ್ಕೆ ಹೋಗಿ ಅಲ್ಲಿನ ಹಿರಿಯ ಲಾಮಾ ಅವರನ್ನು ಕೇಳಿದರು. ಅಂಥ ಪುಸ್ತಕವೇ ಇಲ್ಲ ಎಂದು ಲಾಮಾ ಸ್ಪಷ್ಟವಾಗಿ ಹೇಳಿದರು. ಹಾಗಿದ್ದರೂ ನೂರಿಪ್ಪತ್ತು ವರ್ಷ ಮೇಲಾಯಿತು, ಆ ಕಥೆ ಓಡುತ್ತಲೇ ಇದೆ.

ಚಕ್ರವರ್ತಿಯ ಮಾತೂ ಹಾಗೆಯೇ. 325ರಲ್ಲಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಸಭಾಧ್ಯಕ್ಷರನ್ನೆಲ್ಲ, ಅಂದರೆ ಬಿಷಪ್ಪರನ್ನೆಲ್ಲ, ಸೇರಿಸಿದ್ದು ನಿಜ. ಅಲ್ಲಿ ಜಗಳ ನಡೆದದ್ದು ಬೇರೆ ವಿಷಯಕ್ಕೆ. ಮಗನಾದ ಕ್ರಿಸ್ತನು ತಂದೆಗೆ ಸಮಾನನೋ, ತಂದೆ ಸೃಷ್ಟಿಸಿದವನೋ ಎಂದು ಆರಿಯಸ್ ಎಂಬ ಬೋಧಕ ಎಬ್ಬಿಸಿದ ವಾದ ಅದು. ಈಸ್ಟರ್ ಯಾವ ದಿನ ಆಚರಿಸಬೇಕು ಎಂಬುದೂ ಬಂತು. ಯಾವ ಪುಸ್ತಕ ಇರಬೇಕು, ಯಾವುದು ಬೇಡ ಎಂದು ಅಲ್ಲಿ ತೀರ್ಮಾನ ಆಗಲಿಲ್ಲ. ಅದಕ್ಕೂ ಸುಮಾರು 145 ವರ್ಷ ಮೊದಲೇ, 180ರ ಹೊತ್ತಿಗೆ, ಐರೇನಿಯಸ್ ಎಂಬ ಸಭಾಧ್ಯಕ್ಷ ಸುವಾರ್ತೆ ನಾಲ್ಕೇ ಎಂದು ಬರೆದಾಗಿತ್ತು. ನಮ್ಮ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪೂರ್ತಿ ಪಟ್ಟಿ ಮೊದಲು ಸಿಗುವುದು 367ರಲ್ಲಿ, ಈಜಿಪ್ತಿನ ಅಥನಾಸಿಯಸ್ ಬರೆದ ಒಂದು ಪತ್ರದಲ್ಲಿ. ಬೇರೆ ಸುವಾರ್ತೆಗಳೂ ಇದ್ದವು. ತೋಮನ ಹೆಸರಿನ ಒಂದರಲ್ಲಿ 114 ಮಾತುಗಳಿವೆ. ಅದರ ಪೂರ್ತಿ ಪ್ರತಿ 1945ರಲ್ಲಿ ಈಜಿಪ್ತಿನ ನಾಗ್ ಹಮ್ಮಾದಿ ಹತ್ತಿರ ಒಂದು ಮಣ್ಣಿನ ಹರವಿಯಲ್ಲಿ ಸಿಕ್ಕಿತು. ಇವತ್ತು ಯಾರು ಬೇಕಾದರೂ ಓದಬಹುದು. ಓದಿಯೇ ಬಿಡಲಿ ನಿಮ್ಮ ಮಗ. ಮಾರ್ಕನನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ವ್ಯತ್ಯಾಸ ಅವನಿಗೇ ಗೊತ್ತಾಗುತ್ತದೆ.

ಇನ್ನು ಅರ್ಧ ಸರಿ ಇರುವ ಮಾತು, ಹೆಸರುಗಳದ್ದು. ವಚನಕಾರರು ತಮ್ಮ ವಚನದ ಕೊನೆಯಲ್ಲಿ ಅಂಕಿತ ಇಡುತ್ತಿದ್ದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ ಎಂದು ನಮಗೆ ಗೊತ್ತಾಗುತ್ತದೆ. ಸುವಾರ್ತೆಗಳಿಗೆ ಅಂಥ ಅಂಕಿತ ಇಲ್ಲ. “ಮಾರ್ಕನಾದ ನಾನು ಬರೆಯುತ್ತೇನೆ” ಎಂಬ ಸಾಲು ಮಾರ್ಕನಲ್ಲಿ ಎಲ್ಲೂ ಬರುವುದಿಲ್ಲ. “ಮಾರ್ಕನ ಪ್ರಕಾರ” ಎಂಬುದು ಮೇಲಿನ ತಲೆಬರಹ. ಆದರೆ ತಲೆಬರಹ ಉಳಿದು ಬಂದಿರುವ ಯಾವ ಹಳೆಯ ಪ್ರತಿಯಲ್ಲೂ ಬೇರೆ ಹೆಸರಿಲ್ಲ. ಎಲ್ಲ ಕಡೆ ಇದೇ ನಾಲ್ಕು. ಎರಡನೆಯ ಶತಮಾನದ ಮೊದಲ ಭಾಗದಲ್ಲಿದ್ದ ಪಾಪಿಯಸ್ ಎಂಬವರು, ಮಾರ್ಕನು ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದು ಅವನಿಂದ ಕೇಳಿದ್ದನ್ನು ಬರೆದ ಎಂದು ಹೇಳಿದ್ದಾರೆ. ಸುಮ್ನೆ ಹೆಸರು ಹುಟ್ಟಿಸುವುದಾಗಿದ್ದರೆ ಮಾರ್ಕ, ಲೂಕ ಎಂಬ ಚಿಕ್ಕವರ ಹೆಸರು ಯಾಕೆ? ಅವರಿಬ್ಬರೂ ಹನ್ನೆರಡು ಶಿಷ್ಯರಲ್ಲಿ ಇಲ್ಲ. ಪೇತ್ರ, ಯಾಕೋಬ ಎಂದು ದೊಡ್ಡ ಹೆಸರೇ ಇಡಬಹುದಿತ್ತು, ಅಲ್ವಾ? ಆಮೇಲೆ ಬಂದ ಬೇರೆ ಬರಹಗಳಿಗೆ ಹಾಗೇ ಇಟ್ಟರು ಕೂಡ.

ಇನ್ನೊಂದು ಕಡೆಯದನ್ನೂ ಹೇಳಬೇಕು. ಮಾರ್ಕನಲ್ಲಿ ಸುಮಾರು 660 ವಚನ ಇವೆ. ಅವುಗಳಲ್ಲಿ 600ರಷ್ಟು ಸ್ವಲ್ಪ ಹೆಚ್ಚುಕಡಿಮೆ ಮತ್ತಾಯನಲ್ಲೂ ಬರುತ್ತವೆ, ಎಷ್ಟೋ ಕಡೆ ಗ್ರೀಕ್ ಪದಗಳೂ ಅವೇ. ಯೇಸುವಿನ ಜೊತೆಗೇ ಓಡಾಡಿದ ಶಿಷ್ಯ ಮತ್ತಾಯ, ಜೊತೆಗಿರದ ಮಾರ್ಕನ ಪುಸ್ತಕವನ್ನು ಇಷ್ಟರ ಮಟ್ಟಿಗೆ ಮುಂದಿಟ್ಟುಕೊಂಡು ಬರೆಯುತ್ತಾನೆಯೇ? ಹೀಗಾಗಿ ಆ ಸುವಾರ್ತೆಯನ್ನು ಶಿಷ್ಯ ಮತ್ತಾಯನೇ ಕೈಯಾರೆ ಬರೆದ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಇದರಿಂದ ನನ್ನ ನಂಬಿಕೆಗೆ ಏನೂ ಕಡಿಮೆಯಾಗಿಲ್ಲ. ಆ ಸುವಾರ್ತೆಯಲ್ಲಿ ಬರುವ ಯೇಸುವಿನ ಬೋಧನೆ, ಪರ್ವತದ ಮೇಲಿನ ಪ್ರಸಂಗದ ತೂಕ ಅದನ್ನು ಬರೆದುಕೊಂಡವರ ಹೆಸರಿನಿಂದ ಬಂದದ್ದಲ್ಲ.

ಯೇಸು ಶಿಲುಬೆಗೇರಿದ್ದು ಸುಮಾರು ಕ್ರಿ.ಶ. 30ರಲ್ಲಿ. ಮಾರ್ಕನ ಸುವಾರ್ತೆ ಬರಹಕ್ಕೆ ಬಂದದ್ದು 70ರ ಆಸುಪಾಸಿನಲ್ಲಿ. ಮತ್ತಾಯ, ಲೂಕ ಅದಾದ ಮೇಲೆ ಹತ್ತಿಪ್ಪತ್ತು ವರ್ಷಕ್ಕೆ. ಯೋಹಾನ ಶತಮಾನದ ಕೊನೆಗೆ. ನಡುವಿನ ನಲವತ್ತು ವರ್ಷ ಏನಾಯಿತು ಎಂದು ಕೇಳುವವರಿಗೆ ನಾನು ಶಿಶುನಾಳದ ಕಡೆ ಕೈ ತೋರಿಸುತ್ತೇನೆ. ಷರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಬಹಳ ಕಾಲ ಬಾಯಲ್ಲೇ ಬದುಕಿದವು. ಭಜನೆಯವರು ಹಾಡಿದರು, ತಂಬೂರಿಯವರು ಹಾಡಿದರು, ಹೊಲದಲ್ಲಿ ಹಾಡಿದರು. ಒಂದು ಊರಲ್ಲಿ ಹಾಡುವ ನುಡಿ ಇನ್ನೊಂದು ಊರಲ್ಲಿ ಸ್ವಲ್ಪ ಬೇರೆ ಇರುತ್ತದೆ, ಒಂದೆರಡು ನುಡಿ ಹಿಂದೆಮುಂದೆ ಆಗಿರುತ್ತದೆ. ಅದಕ್ಕೆ ಯಾರಾದರೂ ಷರೀಫರು ಇರಲೇ ಇಲ್ಲ, ಅವರು ಹಾಡಿಯೇ ಇಲ್ಲ ಎನ್ನುತ್ತಾರೆಯೇ? ಲೂಕನು ತನ್ನ ಪುಸ್ತಕದ ಮೊದಲ ನಾಲ್ಕು ವಚನದಲ್ಲೇ ಇದನ್ನು ಬಾಯಿಬಿಟ್ಟು ಹೇಳುತ್ತಾನೆ. ನನಗಿಂತ ಮೊದಲು ಅನೇಕರು ಬರೆಯಲು ಕೈಹಾಕಿದ್ದಾರೆ, ಕಣ್ಣಾರೆ ಕಂಡವರು ನಮಗೆ ಒಪ್ಪಿಸಿದ್ದಾರೆ, ನಾನು ಎಲ್ಲವನ್ನೂ ವಿಚಾರಿಸಿ ಬರೆಯುತ್ತಿದ್ದೇನೆ ಎಂದು. ತಾನು ಕಂಡೆ ಎಂದು ಅವನು ಹೇಳಲಿಲ್ಲ, ವಿಚಾರಿಸಿದೆ ಎಂದ. ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸುತ್ತದೆ.

ಬರಹಕ್ಕೆ ಬಂದ ಮೇಲೆ ಇನ್ನೊಂದು ಕೆಲಸ, ನಕಲು ಮಾಡುವುದು. ಅಚ್ಚು ಬರುವವರೆಗೆ ಸುಮಾರು 1400 ವರ್ಷ ಸುವಾರ್ತೆಗಳನ್ನು ಕೈಯಲ್ಲೇ ಬರೆದರು. ಗದುಗಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಹಾಡಿದ ಭಾರತವನ್ನು ಎಷ್ಟು ಊರಿನಲ್ಲಿ ಎಷ್ಟು ಜನ ತಾಳೆಗರಿಯ ಮೇಲೆ ಕೊರೆದರು! ಆ ಗರಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಅಲ್ಲೊಂದು ಪದ ಬೇರೆ, ಇಲ್ಲೊಂದು ಪದ್ಯ ಜಾಸ್ತಿ. ಕನ್ನಡದಲ್ಲಿ ಇದಕ್ಕೆ ಪಾಠಾಂತರ ಎನ್ನುತ್ತೇವೆ. ಹಳೆಯ ಪ್ರತಿಗಳನ್ನು ಹೋಲಿಸಿ ಮೂಲಕ್ಕೆ ಹತ್ತಿರದ್ದನ್ನು ಹುಡುಕುವ ಕೆಲಸಕ್ಕೆ ಗ್ರಂಥಸಂಪಾದನೆ ಎನ್ನುತ್ತೇವೆ. ಸುವಾರ್ತೆ ಸಾರಲು 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲ್ ಸಾಹೇಬರು ಕೇಶಿರಾಜನ ವ್ಯಾಕರಣವನ್ನು 1872ರಲ್ಲಿ ಅಚ್ಚು ಮಾಡಿಸಿದ್ದು ಇದೇ ರೀತಿ, ಹಸ್ತಪ್ರತಿ ನೋಡಿ. ಕನ್ನಡದ ಪುಸ್ತಕಕ್ಕೆ ಮಾಡಿದರೆ ಅದು ವಿದ್ವತ್ತು, ಸತ್ಯವೇದಕ್ಕೆ ಮಾಡಿದರೆ ಅಪಚಾರ ಎಂದು ನಾವು ಯಾಕೆ ತಿಳಿಯಬೇಕು?

ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು 5,000ಕ್ಕೂ ಜಾಸ್ತಿ ಸಿಕ್ಕಿವೆ. ಚೂರುಪಾರು ತುಂಡುಗಳಿಂದ ಹಿಡಿದು ಪೂರ್ತಿ ಪುಸ್ತಕದವರೆಗೆ. ಮ್ಯಾಂಚೆಸ್ಟರಿನಲ್ಲಿರುವ ಯೋಹಾನನ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ತುಂಡು ಅಂಗೈಗಿಂತ ಚಿಕ್ಕದು. ಅದನ್ನು ಸಾಮಾನ್ಯವಾಗಿ ಎರಡನೆಯ ಶತಮಾನದ್ದು ಎನ್ನುತ್ತಾರೆ. ಪಾಠಾಂತರ ಲಕ್ಷಗಟ್ಟಲೆ ಇವೆ ಎಂದು ವಿಡಿಯೋದಲ್ಲಿ ಹೇಳಿರಬಹುದು, ಅದು ನಿಜವೇ. ಬಹುಪಾಲು ಕಾಗುಣಿತದ ತಪ್ಪು, ಪದ ಹಿಂದೆಮುಂದೆ ಆದದ್ದು, ಕಣ್ಣು ಜಾರಿ ಒಂದು ಸಾಲು ಬಿಟ್ಟದ್ದು. ಪ್ರತಿ ಜಾಸ್ತಿ ಇದ್ದಷ್ಟೂ ವ್ಯತ್ಯಾಸ ಜಾಸ್ತಿ ಕಾಣುತ್ತದೆ, ಹಾಗೆಯೇ ಯಾರು ಎಲ್ಲಿ ತಪ್ಪಿದರು ಎಂದು ಹಿಡಿಯುವುದೂ ಸುಲಭವಾಗುತ್ತದೆ. ಅರ್ಥವನ್ನೇ ಮುಟ್ಟುವಂಥವು ಕೆಲವೇ. ಅವುಗಳಲ್ಲಿ ಅತಿ ದೊಡ್ಡವು ಎರಡು. ನಿಮ್ಮ ಮಗ ಹೇಳಿದ್ದು ಅವೆರಡನ್ನೇ.

ಈಗ ಆ ಹೆಣ್ಣುಮಗಳ ಕಥೆಗೆ ಬರೋಣ. ಯೋಹಾನ 7:53ರಿಂದ 8:11. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳನ್ನು ಕಲ್ಲೆಸೆದು ಕೊಲ್ಲಬೇಕಲ್ಲವೇ ಎಂದು ಯೇಸುವಿನ ಮುಂದೆ ತಂದಾಗ, ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂದು ಅವನು ಹೇಳಿದ ಕಥೆ. ಕ್ರಿ.ಶ. 200ರ ಆಸುಪಾಸಿನವು ಎನ್ನುವ ಯೋಹಾನನ ಎರಡು ಪಪೈರಸ್ ಪ್ರತಿಗಳಲ್ಲಿ ಇದು ಇಲ್ಲ. ನಾಲ್ಕನೆಯ ಶತಮಾನದ ಎರಡು ದೊಡ್ಡ ಪ್ರತಿಗಳಲ್ಲಿ, ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕಿದ್ದರಲ್ಲೂ ವ್ಯಾಟಿಕನ್ನಿನಲ್ಲಿ ಇರುವುದರಲ್ಲೂ, ಇಲ್ಲ. ನಮ್ಮ ಕೈಗೆ ಉಳಿದ ಗ್ರೀಕ್ ಪ್ರತಿಗಳಲ್ಲಿ ಇದು ಮೊದಲು ಕಾಣುವುದು ಈಗ ಕೇಂಬ್ರಿಜಿನಲ್ಲಿರುವ, ಸುಮಾರು 400ರ ಒಂದು ಪ್ರತಿಯಲ್ಲಿ. ಇನ್ನು ಕೆಲವು ಪ್ರತಿಗಳಲ್ಲಿ ಈ ಕಥೆ ಯೋಹಾನನಲ್ಲೇ ಇಲ್ಲ, ಲೂಕನ 21ನೆಯ ಅಧ್ಯಾಯದ ಕೊನೆಗೆ ಬಂದು ಕೂತಿದೆ! ಮನೆ ಗೊತ್ತಿಲ್ಲದ ಮಗುವಿನ ಹಾಗೆ ಓಣಿಯಲ್ಲಿ ಓಡಾಡಿದ ಕಥೆ ಇದು. ಅದರ ಮಾತೂ ಯೋಹಾನನದ್ದಲ್ಲ. “ಎಣ್ಣೇಮರಗಳ ಗುಡ್ಡ” ಎಂಬ ಹೆಸರು ಯೋಹಾನನಲ್ಲಿ ಬೇರೆಲ್ಲೂ ಬರುವುದಿಲ್ಲ. “ಶಾಸ್ತ್ರಿಗಳು” ಎಂಬ ಪದವೂ ಇಲ್ಲಿ ಬಿಟ್ಟರೆ ಆ ಸುವಾರ್ತೆಯಲ್ಲಿ ಇಲ್ಲ. ಎರಡೂ ಲೂಕನಲ್ಲಿ ಸಿಗುವ ಮಾತುಗಳು. ಹಾಗಾಗಿ ಯೋಹಾನನು ಇದನ್ನು ಬರೆಯಲಿಲ್ಲ ಎಂಬುದು ಬಹುತೇಕ ನಿಶ್ಚಿತ. ಇದರಲ್ಲಿ ನಿಮ್ಮ ಮಗನ ಮಾತು ಖರೆ.

ಆದರೆ ವಿಡಿಯೋ ಇಲ್ಲಿಗೆ ನಿಲ್ಲಿಸುತ್ತದೆ. ನಾವು ಮುಂದಕ್ಕೆ ಹೋಗಬೇಕು. ಯೋಹಾನ ಬರೆಯಲಿಲ್ಲ ಎನ್ನುವುದು ಬೇರೆ, ಕಥೆ ಕಟ್ಟಿದ್ದು ಎನ್ನುವುದು ಬೇರೆ. ಮೂರನೆಯ ಶತಮಾನದಲ್ಲಿ ಸಿರಿಯಾ ಕಡೆ ಬರೆದ ಸಭಾ ನಿಯಮಗಳ ಪುಸ್ತಕವೊಂದಿದೆ. ತಪ್ಪು ಮಾಡಿ ತಿರುಗಿ ಬಂದವರನ್ನು ಹೊರಗೆ ಹಾಕಬೇಡಿ ಎಂದು ಅದು ಸಭಾಧ್ಯಕ್ಷರಿಗೆ ಹೇಳುತ್ತದೆ. ಅದಕ್ಕೆ ಉದಾಹರಣೆಯಾಗಿ ಇದೇ ಕಥೆ ಕೊಡುತ್ತದೆ. ಹಿರಿಯರು ಒಬ್ಬ ಹೆಂಗಸನ್ನು ಯೇಸುವಿನ ಮುಂದೆ ತಂದು ನಿಲ್ಲಿಸಿದರು, ಅವನು ಆಕೆಯನ್ನು ದಂಡಿಸದೆ ಕಳಿಸಿದ ಎಂದು. ನಮ್ಮ ಯೋಹಾನನ ಪ್ರತಿಗಳಲ್ಲಿ ಕಾಣುವುದಕ್ಕೂ ಮೊದಲೇ ಜನ ಈ ಕಥೆ ಹೇಳಿಕೊಳ್ಳುತ್ತಿದ್ದರು ಎಂದಾಯಿತಲ್ಲ. ಯೇಸುವಿನ ಬಗ್ಗೆ ಬಾಯಿಂದ ಬಾಯಿಗೆ ಬಂದ ಹಳೆಯ ನೆನಪೊಂದು ಕಡೆಗೆ ಒಂದು ಪುಟದಲ್ಲಿ ಜಾಗ ಹಿಡಿಯಿತು. ಇದು ನನ್ನ ತಿಳಿವಳಿಕೆ. ಹೀಗೆ ತಿಳಿಯುವ ವಿದ್ವಾಂಸರು ಬಹಳ ಇದ್ದಾರೆ. ಅದಕ್ಕೆ ಅಷ್ಟು ದಿನ ಜಾಗ ಯಾಕೆ ಸಿಗಲಿಲ್ಲ? ಐದನೆಯ ಶತಮಾನದಲ್ಲಿ ಅಗಸ್ಟೀನರು ಎಂಬ ಸಭಾಧ್ಯಕ್ಷರು ತಮಗೆ ತೋಚಿದ್ದನ್ನು ಬರೆದಿದ್ದಾರೆ. ಹೆಂಡಂದಿರಿಗೆ ಸಲಿಗೆ ಸಿಕ್ಕೀತು ಎಂಬ ಹೆದರಿಕೆಯಿಂದ ಕೆಲವರು ಇದನ್ನು ತಮ್ಮ ಪ್ರತಿಯಿಂದ ತೆಗೆದರು ಎಂದು. ಅವರ ಲೆಕ್ಕ ಸರಿಯಲ್ಲ ಎಂದು ಹಸ್ತಪ್ರತಿಗಳು ಹೇಳುತ್ತವೆ. ಆದರೂ ಆ ಕಾಲದಲ್ಲೇ ಈ ಕಥೆ ಎಷ್ಟು ಗಂಡಸರ ನಿದ್ದೆ ಕೆಡಿಸಿತ್ತು ಎಂದು ಆ ಒಂದು ಮಾತಿನಿಂದ ಗೊತ್ತಾಗುತ್ತದೆ.

ಇದರೊಳಗೆ ಒಂದು ಸಣ್ಣ ಸಂಗತಿ ಇದೆ. ಕಲಿಸುವಾಗೆಲ್ಲ ಅದರ ಹತ್ತಿರ ನಾನು ನಿಂತುಬಿಡುತ್ತಿದ್ದೆ. ಯೇಸು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆದ. ಏನು ಬರೆದ? ಕಥೆ ಹೇಳುವುದಿಲ್ಲ. ಆಮೇಲಿನ ಕೆಲವು ಪ್ರತಿಗಳಲ್ಲಿ “ಅವರಲ್ಲಿ ಒಬ್ಬೊಬ್ಬನ ಪಾಪಗಳನ್ನು” ಎಂಬ ಮಾತು ಸೇರಿದೆ. ಯಾವನೋ ಒಬ್ಬ ಬರೆಯುವವನಿಗೆ ಆ ಮೌನ ತಡೆಯಲಾಗಲಿಲ್ಲ. ಲೇಖನಿ ಕೈಯಲ್ಲಿತ್ತು, ತುಂಬಿಸಿಬಿಟ್ಟ. ಆದರೆ ಹೆಚ್ಚಿನವರು ಆ ಜಾಗ ಖಾಲಿ ಬಿಟ್ಟೇ ಬರೆದರು. ಅವರ ಸಂಯಮದಿಂದ ಆ ಮೌನ ನಮ್ಮವರೆಗೆ ಬಂತು. ಇನ್ನೊಂದು, ಮೋಶೆಯ ಕಾನೂನು ಇಬ್ಬರಿಗೂ ಶಿಕ್ಷೆ ಹೇಳುತ್ತದೆ. ಹೆಂಗಸು ಸಿಕ್ಕಿಬಿದ್ದಳು ಸರಿ, ಗಂಡಸು ಎಲ್ಲಿ? ಅವನನ್ನು ಯಾರೂ ಎಳೆದು ತರಲಿಲ್ಲ. ನಿಮ್ಮ ಅತ್ತೆಯವರ ವಯಸ್ಸಿನ ಹೆಣ್ಣುಮಕ್ಕಳು ಈ ಕಥೆಯನ್ನು ಇಷ್ಟು ಹಚ್ಚಿಕೊಂಡಿದ್ದಕ್ಕೆ ಕಾರಣ ನನಗಿಂತ ನಿಮಗೆ ಜಾಸ್ತಿ ಗೊತ್ತು.

ಮಾರ್ಕನ ಕೊನೆಯದು ಇದಕ್ಕಿಂತ ಸರಳ. ಸಿನಾಯ್, ವ್ಯಾಟಿಕನ್ನಿನ ಆ ಎರಡು ಹಳೆಯ ಪ್ರತಿಗಳಲ್ಲಿ ಮಾರ್ಕ 16:8ಕ್ಕೆ ನಿಲ್ಲುತ್ತದೆ. ಹೆಂಗಸರು ಖಾಲಿ ಸಮಾಧಿ ನೋಡಿ ನಡುಗುತ್ತ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಮುಗಿಯಿತು. 9ರಿಂದ 20ರವರೆಗಿನ ವಚನಗಳು ಆಮೇಲೆ ಸೇರಿದವು. ಅವೂ ಹಳೆಯವೇ, 180ರ ಐರೇನಿಯಸ್ ಅದರಿಂದ ಒಂದು ವಚನ ಎತ್ತಿ ಹೇಳುತ್ತಾರೆ. ಹಾವು ಹಿಡಿಯುವ, ವಿಷ ಕುಡಿದರೂ ಕೇಡಾಗದ ಮಾತು ಬರುವುದು ಈ ಭಾಗದಲ್ಲೇ. ಅಮೆರಿಕದ ಕೆಲವು ಸಭೆಗಳಲ್ಲಿ ಆ ವಚನ ನಂಬಿ ಹಾವು ಹಿಡಿದು ಸತ್ತವರಿದ್ದಾರೆ. ಹಾಗಾಗಿ ಇದು ಬರೀ ಪಂಡಿತರ ಚರ್ಚೆಯಲ್ಲ. ಯೇಸು ಸತ್ತು ತಿರುಗಿ ಎದ್ದ ಎಂಬ ಈಸ್ಟರಿನ ಸುದ್ದಿ ಈ 12 ವಚನದ ಮೇಲೆ ನಿಂತಿಲ್ಲ. ಮಾರ್ಕನಿಗಿಂತ ಹದಿನೈದು ವರ್ಷಕ್ಕೂ ಮೊದಲು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಅದು ಇದೆ. ಅದೂ “ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ” ಎಂದು.

ಇಲ್ಲಿಯವರೆಗೆ ಏನು ಇಲ್ಲ, ಏನು ಸೇರಿತು ಎಂಬ ಮಾತೇ ಆಯಿತು. ಹೀಗೆ ಓದುವುದರಿಂದ ಸಿಗುವುದೂ ಬಹಳ ಇದೆ. ಒಂದನ್ನು ಮಾತ್ರ ತೋರಿಸುತ್ತೇನೆ.

ಕರ್ತನ ಪ್ರಾರ್ಥನೆಯನ್ನು ನೀವು ದಿನಾ ಹೇಳುತ್ತೀರಿ. “ರಾಜ್ಯವೂ ಬಲವೂ ಮಹಿಮೆಯೂ” ಎಂದು ನಾವು ಮುಗಿಸುತ್ತೇವೆ. ನಿಮ್ಮ ಕಥೋಲಿಕ ಗೆಳತಿಯರು ಆ ಸಾಲಿಗೆ ಮೊದಲೇ ನಿಲ್ಲಿಸುವುದನ್ನು ಗಮನಿಸಿದ್ದೀರಾ? ಮತ್ತಾಯನ ಅತಿ ಹಳೆಯ ಪ್ರತಿಗಳಲ್ಲಿ ಆ ಸಾಲು ಇಲ್ಲ. ಸಭೆಯ ಆರಾಧನೆಯಲ್ಲಿ ಜನ ಒಟ್ಟಿಗೆ ಹೇಳುತ್ತಿದ್ದ ಮಂಗಳದ ಸಾಲು ಆಮೇಲೆ ಪ್ರತಿಯೊಳಗೆ ಬಂತು. ಇದು ಸಣ್ಣದು. ದೊಡ್ಡದು ನಡುವಿನಲ್ಲಿದೆ. “ನಮ್ಮ ತಪ್ಪುಗಳನ್ನು ಕ್ಷಮಿಸು” ಎನ್ನುತ್ತೇವಲ್ಲ, ಮತ್ತಾಯನ ಗ್ರೀಕ್‌ನಲ್ಲಿ ಅಲ್ಲಿರುವ ಪದದ ನೇರ ಅರ್ಥ “ಸಾಲ”. ನಮ್ಮ ಸಾಲಗಳನ್ನು ಬಿಟ್ಟುಬಿಡು, ನಮಗೆ ಸಾಲ ತೀರಿಸಬೇಕಾದವರನ್ನು ನಾವು ಬಿಟ್ಟಂತೆ. ಲೂಕ 11ರಲ್ಲಿ ಮೊದಲ ಅರ್ಧಕ್ಕೆ ಪಾಪ ಎಂದಿದೆ, ಎರಡನೆಯ ಅರ್ಧಕ್ಕೆ ಸಾಲವೇ ಇದೆ. ಯೇಸು ಆಡುತ್ತಿದ್ದ ಅರಮೈಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ನಮ್ಮಲ್ಲಿ “ಋಣ” ಎಂಬ ಮಾತು ಅದರ ಹತ್ತಿರ ಬರುತ್ತದೆ.

ಯೇಸುವಿನ ಮುಂದೆ ಕೂತಿದ್ದವರು ಗಲಿಲಾಯದ ರೈತರು, ಮೀನುಗಾರರು, ದಿನಗೂಲಿಯವರು. ಸಾಲ ಎಂದರೆ ಅವರಿಗೆ ಉಪಮೆ ಅಲ್ಲ. 66ರಲ್ಲಿ ಯೆರೂಸಲೇಮಿನಲ್ಲಿ ದಂಗೆ ಎದ್ದಾಗ ದಂಗೆಕೋರರು ಸಾಲದ ಪತ್ರಗಳಿದ್ದ ದಫ್ತರಕ್ಕೆ ಬೆಂಕಿ ಹಚ್ಚಿದರು ಎಂದು ಆ ಕಾಲದ ಯೆಹೂದಿ ಚರಿತ್ರೆಕಾರ ಜೋಸೆಫಸ್ ಬರೆದಿದ್ದಾನೆ. ಈಗ ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಓದಿ. ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕು. ಒಂದು ತಲಾಂತು ಎಂದರೆ 6,000 ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ. ಯಾವ ಜನ್ಮಕ್ಕೂ ತೀರದ್ದು. ಅರಸ ಅದನ್ನು ಬಿಟ್ಟ. ಅದೇ ಆಳು ಹೊರಗೆ ಬಂದು ತನಗೆ 100 ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ನೂರು ದಿನದ ಕೂಲಿ ಸಣ್ಣ ಮೊತ್ತವಲ್ಲ, ಬಡವನಿಗೆ ನಿಜವಾದ ದುಡ್ಡು. ಅಷ್ಟನ್ನು ಬಿಡುವುದು ಕಷ್ಟವೇ ಎಂದು ಯೇಸುವಿಗೆ ಗೊತ್ತಿತ್ತು. ಹಾವೇರಿ ಜಿಲ್ಲೆಯ ಒಂದು ಊರಲ್ಲಿ ನಾನು ಈ ಲೆಕ್ಕ ಬಿಡಿಸಿ ಹೇಳಿದಾಗ, ಮೀಟರ್ ಬಡ್ಡಿಗೆ ದುಡ್ಡು ತಂದಿದ್ದ ಒಬ್ಬ ಮೆಣಸಿನಕಾಯಿ ಬೆಳೆಗಾರ ಎದ್ದು ನಿಂತು, “ಸರ್, ಇಷ್ಟ್ ದಿನಾ ಈ ಪ್ರಾರ್ಥನಿ ನಂದಂತ ತಿಳಿದಿರಲಿಲ್ಲ” ಎಂದ. ಅದನ್ನು ಅವನಿಗೆ ಕೊಟ್ಟದ್ದು ಗ್ರೀಕಿನ ಒಂದು ಪದ.

ಈಗ ನೀವು ಏನು ಮಾಡಬೇಕು ಎಂಬುದು. ಸುಮ್ಮನಿದ್ದು ಹಿಂದಿನ ಹಾಗೇ ಕಲಿಸಬಹುದು. ಇವತ್ತಿಗೆ ಅದು ಸುಲಭ. ಆದರೆ ಇನ್ನೈದು ವರ್ಷಕ್ಕೆ ಆ ಮಕ್ಕಳೂ ಕಾಲೇಜಿಗೆ ಹೋಗುತ್ತಾರೆ, ಅವರ ಕೈಯಲ್ಲೂ ಮೊಬೈಲ್ ಇರುತ್ತದೆ. “ಅಕ್ಕೋರಿಗೆ ಇದು ಗೊತ್ತಿತ್ತು, ಹೇಳಲಿಲ್ಲ” ಎಂದು ಅವರಿಗೆ ಅನಿಸಿದರೆ ಹೋಗುವುದು ಬರೀ 12 ವಚನ ಅಲ್ಲ. ಸಂಡೇ ಸ್ಕೂಲ್ ಬಿಡುವ ಮಾತನ್ನಂತೂ ತೆಗೆಯಲೇಬೇಡಿ. ಪ್ರಶ್ನೆ ಎದುರಿಸಿದ ಶಿಕ್ಷಕಿಯನ್ನು ಕಳೆದುಕೊಂಡು ಪ್ರಶ್ನೆಯೇ ಬಾರದವರನ್ನು ಮಕ್ಕಳಿಗೆ ಕೊಟ್ಟಂತಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಸುರಿಯುವುದೂ ಬೇಡ. ಇದು ನಾನು ಪೆಟ್ಟು ತಿಂದು ಕಲಿತದ್ದು. ಕಲಿಸಲು ಶುರು ಮಾಡಿದ ಹೊಸತರಲ್ಲಿ ಒಂದು ಹಳ್ಳಿಯ ಸಭೆಯಲ್ಲಿ, ಈಸ್ಟರ್ ಭಾನುವಾರವೇ, ಮಾರ್ಕನ ಕೊನೆಯ ಭಾಗ ಮೂಲದಲ್ಲಿ ಇಲ್ಲ ಎಂದು ಪ್ರಸಂಗದಲ್ಲಿ ಹೇಳಿಬಿಟ್ಟೆ. ಹೇಳಿದ್ದು ಸರಿಯಿತ್ತು. ಹೇಳಿದ ದಿನ ಸರಿಯಿರಲಿಲ್ಲ. ಒಬ್ಬ ಹಿರಿಯರು, ಹೆಂಡತಿಯನ್ನು ಮಣ್ಣು ಮಾಡಿ ಎರಡೇ ತಿಂಗಳಾಗಿತ್ತು, ಎದ್ದು ಹೊರಗೆ ಹೋದರು. ಮೂರು ತಿಂಗಳು ಚರ್ಚಿಗೆ ಬರಲಿಲ್ಲ. ಅವರ ಮನೆಗೆ ಹೋಗಿ ಕೂತು ಮಾತಾಡಲು ನನಗೆ ಅಷ್ಟು ದಿನ ಬೇಕಾಯಿತು. ಆ ಹಿರಿಯರ ಮುಖ ನನಗೆ ಇವತ್ತಿಗೂ ಕಣ್ಣ ಮುಂದಿದೆ.

ನಾನು ಹೇಳುವ ದಾರಿ ಹೀಗೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕಥೆಯನ್ನು ಕಥೆಯಾಗಿಯೇ ಹೇಳಿ. ದೊಡ್ಡವರಿಗೆ ಹೋಲಿಸಿ ಓದುವುದನ್ನು ಕಲಿಸಿ. ಮೊದಲು ಕ್ರಿಸ್ಮಸ್ ನಾಟಕ ಹೇಗಿತ್ತು ಎಂದು ನಾಲ್ಕು ಮಕ್ಕಳಿಗೆ ಬೇರೆ ಬೇರೆ ಕೂತು ಬರೆಯಲು ಹೇಳಿ. ನಾಲ್ಕೂ ಒಂದೇ ಆಗಿರುವುದಿಲ್ಲ, ಒಂದೂ ಸುಳ್ಳಾಗಿರುವುದಿಲ್ಲ. ಆಮೇಲೆ ವಹಿಯಲ್ಲಿ ಮೂರು ಕಾಲಂ ಹಾಕಿಸಿ, ಯೆರಿಕೋವಿನ ಕುರುಡನ ಕಥೆ ಬರೆಸಿ. ಮಾರ್ಕನಲ್ಲಿ ಒಬ್ಬ ಕುರುಡ, ಬಾರ್ತಿಮಾಯ, ಯೇಸು ಊರು ಬಿಡುವಾಗ. ಮತ್ತಾಯನಲ್ಲಿ ಇಬ್ಬರು, ಹೆಸರಿಲ್ಲ. ಲೂಕನಲ್ಲಿ ಒಬ್ಬನೇ, ಆದರೆ ಊರು ಹತ್ತಿರ ಬರುವಾಗ. ಹೊದ್ದ ಬಟ್ಟೆ ಬಿಸುಟು ಜಿಗಿದೆದ್ದು ಬಂದ ಎಂಬ ಮಾತು ಮಾರ್ಕನಲ್ಲಿ ಮಾತ್ರ. ಭಿಕ್ಷುಕನಿಗೆ ಆ ಬಟ್ಟೆಯೇ ಹಾಸಿಗೆ, ಅದೇ ಹೊದಿಕೆ, ಅದೇ ಆಸ್ತಿ. ಅದನ್ನು ಯಾಕೆ ಎಸೆದ ಎಂದು ಮಕ್ಕಳನ್ನು ಕೇಳಿ. ಅವರ ಉತ್ತರಗಳನ್ನು ನನಗೂ ಬರೆದು ಕಳಿಸಿ.

ಇದರಲ್ಲೂ ತೊಂದರೆ ಇದೆ. ಯಾರಾದರೂ ಪಾಲಕರು ಬಂದು ಇದೆಲ್ಲ ಯಾಕೆ ಎನ್ನಬಹುದು. ಅದಕ್ಕೆ ನಿಮ್ಮ ಸಭಾಪಾಲಕರಿಗೆ ಮೊದಲೇ ಹೇಳಿ, ಅವರನ್ನೂ ಒಂದು ದಿನ ಕೂಡಿಸಿಕೊಳ್ಳಿ. ಅವರೂ ಸೆಮಿನರಿಯಲ್ಲಿ ಇದನ್ನು ಓದಿಯೇ ಬಂದಿರುತ್ತಾರೆ.

ಮಗನಿಗೆ ಫೋನ್ ಮಾಡಿ. ಎರಡು ಮಾತು ಖರೆ ಹೇಳಿದೀ ಎಂದು ಮೊದಲು ಒಪ್ಪಿಕೊಳ್ಳಿ. ಆಮೇಲೆ, ಮುಂದಿನ ಸಲ ಬಂದಾಗ ಆ ಮೂರು ಕಾಲಂ ಹಾಕಲು ನಿಮ್ಮ ಜೊತೆ ಕೂರುತ್ತಾನಾ ಕೇಳಿ. ಅವನು ನಿಮ್ಮನ್ನು ಸೋಲಿಸಲು ಆ ವಿಡಿಯೋ ತೋರಿಸಲಿಲ್ಲ ಅಂತ ನನಗನಿಸುತ್ತದೆ. ಅವನಿಗೂ ಒಳಗೆ ಏನೋ ಅಲುಗಿದೆ, ಅದನ್ನು ಅವ್ವನ ಹತ್ತಿರ ತಂದ.

ಇನ್ನು ಅತ್ತೆಯವರು. ಅವರಿಗೆ ಹಸ್ತಪ್ರತಿಯ ಚರಿತ್ರೆ ಹೇಳಲೇಬೇಕೆಂದಿಲ್ಲ. ಕೇಳಿದರೆ ಮಾತ್ರ ಹೇಳಿ, “ಈ ಕಥಿ ಮೊದಲು ಬಾಯಾಗ ಇತ್ತಂತ, ಆಮ್ಯಾಲೆ ಪುಸ್ತಕಕ್ಕ ಬಂತಂತ” ಎಂದು. ಬಾಯಲ್ಲಿ ಕಥೆ ಉಳಿಸಿಕೊಂಡ ತಲೆಮಾರಿನವರು ಅವರು, ಥಟ್ಟನೆ ಅರ್ಥವಾಗುತ್ತದೆ. ಇವತ್ತು ರಾತ್ರಿ ಆ ಪುಟಕ್ಕೆ ಹೋಗಿ. 8ನೆಯ ಅಧ್ಯಾಯದ ಮೊದಲಿಂದ ಬೇಡ, ಏಳನೆಯದರ ಕೊನೆಯ ವಚನದಿಂದ ಶುರು ಮಾಡಿ. ಆಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು ಎಂದು ಬರುತ್ತದಲ್ಲ, ಅಲ್ಲಿಂದ. ಯೇಸು ನೆಲದ ಮೇಲೆ ಬರೆಯುವಲ್ಲಿ ಸ್ವಲ್ಪ ನಿಲ್ಲಿಸಿ. ಅತ್ತೆಯವರು ಏನಾದರೂ ಹೇಳಬಹುದು.